ಕರಾವಳಿಯ ಬೀಜ, ಕಲಬುರಗಿಯ ಬಿಸಿಲು: ಒಂದು ಮನೆಯ ತರಕಾರಿ ಬೆಳೆಯ ಪ್ರಕರಣ ಅಧ್ಯಯನ

ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನಿಂದ ಕಲಬುರಗಿಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರರೊಬ್ಬರ ಮನೆಯ ಪ್ರಕರಣವಿದು. ಆ ಮನೆಯಲ್ಲಿ ತರಕಾರಿ ಬೆಳೆಯುವ ಹೊಣೆ ಸೊಸೆಯದು. ಮದುವೆಯಾದಂದಿನಿಂದ ಅತ್ತೆಯ ಜೊತೆ ಅಡಿಕೆ ತೋಟದ ಬದಿಯಲ್ಲಿ ವರ್ಷವಿಡೀ ಏನಾದರೊಂದು ಬೆಳೆದುಕೊಂಡು ಬಂದ ಅವರಿಗೆ ಪೇಟೆಯಿಂದ ತರಕಾರಿ ತಂದು ಗೊತ್ತಿದ್ದುದು ಕಡಿಮೆ. ಬಾಡಿಗೆಗೆ ಸಿಕ್ಕ ಮನೆಗೆ ಹಿಂಬದಿಯಲ್ಲಿ ಸುಮಾರು ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಕರಿಮಣ್ಣಿನ ಹಿತ್ತಿಲು ಮತ್ತು ಮೇಲೆ ತಾರಸಿ ಇದ್ದವು. ಊರಿನಿಂದ ಹೊರಡುವಾಗ ಅವರು ಬೂದಿ ಬೆರೆಸಿ ಇಟ್ಟಿದ್ದ ಬೀಜಗಳನ್ನೂ ಬಸಳೆಯ ಕೆಲವು ಕಡ್ಡಿಗಳನ್ನೂ ತಂದಿದ್ದರು. ಅನುಭವವಿದ್ದವರಿಗೆ ಜಾಗವೊಂದು ಸಿಕ್ಕರೆ ಬೆಳೆ ಬರುತ್ತದೆ ಎಂಬ ನಂಬಿಕೆ ಮನೆಯವರೆಲ್ಲರಲ್ಲೂ ಇತ್ತು. ಮೊದಲ ವರ್ಷ ಆ ಅನುಭವವೇ ಅಡ್ಡಬಂದಿತು. ಅದು ಹೇಗೆ ಮತ್ತು ಏಕೆ ಎಂಬುದನ್ನು ವಿವರವಾಗಿ ದಾಖಲಿಸುವುದು ಈ ಬರಹದ ಉದ್ದೇಶ. ಒಂದು ಹವೆಯಿಂದ ಇನ್ನೊಂದು ಹವೆಗೆ ಹೋದವರು ಸಾಮಾನ್ಯವಾಗಿ ಬೆಳೆಯ ಪಟ್ಟಿಯನ್ನು ಬದಲಿಸುತ್ತಾರೆಯೇ ಹೊರತು ಕೈಯ ರೂಢಿಯನ್ನು ಬದಲಿಸುವುದಿಲ್ಲ, ಮತ್ತು ನಷ್ಟ ಬರುವುದು ಹೆಚ್ಚಾಗಿ ರೂಢಿಯಿಂದಲೇ ಎಂಬುದು ನನ್ನ ಅಭಿಪ್ರಾಯ.

ಊರಿನ ಕ್ರಮ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ. ಇಷ್ಟು ಮಳೆ ಶತಮಾನಗಳ ಕಾಲ ತೊಳೆದ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದ ಅಂಶ ಉಳಿದಿರುವುದಿಲ್ಲ. ಮಣ್ಣು ಹುಳಿಯಾಗಿದ್ದು, ಅದರ ರಸಸಾರ (ಪಿಎಚ್; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಸಾಮಾನ್ಯವಾಗಿ 5ರಿಂದ 6ರ ನಡುವೆ ಇರುತ್ತದೆ. ಅಲ್ಲಿಯ ತರಕಾರಿ ಬೆಳೆಗಾರರ ಪ್ರತಿಯೊಂದು ಕ್ರಮವೂ ಈ ಎರಡು ಸಂಗತಿಗಳಿಗೆ ಕೊಟ್ಟ ಉತ್ತರವಾಗಿದೆ. ನೀರು ನಿಲ್ಲಬಾರದೆಂದು ಮಣ್ಣನ್ನು ಏರಿಸಿ ಮಡಿ ಮಾಡುತ್ತಾರೆ. ಒಣಗಿದ ಸೊಪ್ಪು, ಕಸ, ಕಡ್ಡಿಗಳನ್ನು ಮಣ್ಣಿನೊಂದಿಗೆ ಒಟ್ಟಿ ಸುಟ್ಟು ಸುಡುಮಣ್ಣು ಮಾಡಿ ಬುಡಕ್ಕೆ ಹಾಕುತ್ತಾರೆ, ಒಲೆಯ ಬೂದಿಯನ್ನು ಧಾರಾಳವಾಗಿ ಬಳಸುತ್ತಾರೆ. ಬೂದಿಯಲ್ಲಿರುವ ಸುಣ್ಣ ಮತ್ತು ಪೊಟ್ಯಾಷ್ ಮಣ್ಣಿನ ಹುಳಿಯನ್ನು ತಗ್ಗಿಸಿ ಗಿಡಕ್ಕೆ ಆಹಾರವೂ ಆಗುತ್ತದೆ. ಬಳ್ಳಿಗಳನ್ನು ನೆಲಕ್ಕೆ ತಾಗದಂತೆ ಚಪ್ಪರಕ್ಕೆ ಏರಿಸುತ್ತಾರೆ. ಗಾಳಿಯಾಡದಿದ್ದರೆ ಎಲೆಗೆ ಬೂಷ್ಟು, ಕಾಯಿಗೆ ಕೊಳೆ ಬರುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಆಸುಪಾಸಿನಲ್ಲಿ, ಬೆಂಡೆ, ಮುಳ್ಳುಸೌತೆ, ಹೀರೆ, ಅಲಸಂಡೆಯ ಬೀಜಗಳನ್ನು ಮಣ್ಣಿಗೆ ಸೇರಿಸುತ್ತಾರೆ, ಏಕೆಂದರೆ ಅಷ್ಟರಲ್ಲಿ ನಾಲ್ಕು ಮಳೆ ಬಿದ್ದು ನೆಲ ತಣಿದಿರುತ್ತದೆ ಮತ್ತು ಜಡಿಮಳೆ ಹಿಡಿಯುವ ಮುನ್ನ ಗಿಡ ಬೇರೂರಬೇಕು.

ಕಲಬುರಗಿಯಲ್ಲಿ ವರ್ಷದ ಮಳೆ ಸುಮಾರು 700ರಿಂದ 800 ಮಿ.ಮೀ. ಮಾತ್ರ, ಅಂದರೆ ಕರಾವಳಿಯ ಐದನೆಯ ಒಂದು ಪಾಲು, ಮತ್ತು ಅದರಲ್ಲಿ ಸೆಪ್ಟೆಂಬರ್‌ನದೇ ದೊಡ್ಡ ಪಾಲು. ಮೇ ತಿಂಗಳ ಹಗಲಿನಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ ಸಂಗತಿ. ಡಿಸೆಂಬರ್ ರಾತ್ರಿಗಳಲ್ಲಿ ಅದು 15ರ ಆಸುಪಾಸಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಹಗಲು-ರಾತ್ರಿಗಳ ಮತ್ತು ಋತು-ಋತುಗಳ ನಡುವಿನ ಅಂತರ ಇಷ್ಟು ಇರುವುದಿಲ್ಲ. ಮಣ್ಣು ಕಪ್ಪು ಎರೆಮಣ್ಣು, ರಸಸಾರ 8ರ ಆಚೀಚೆ, ಒದ್ದೆಯಾದರೆ ಅಂಟು, ಒಣಗಿದರೆ ಕೈ ತೂರುವಷ್ಟು ಬಿರುಕು. ಅಕ್ಷಾಂಶದಲ್ಲಿ ಎರಡೂ ಊರುಗಳಿಗೆ ನಾಲ್ಕೂವರೆ ಡಿಗ್ರಿಯಷ್ಟೇ ವ್ಯತ್ಯಾಸವಿರುವುದರಿಂದ ಹಗಲಿನ ಉದ್ದ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ದೂರ ಇನ್ನೂ ಹೆಚ್ಚಾದರೆ ಅದೂ ಬರುತ್ತದೆ: ನಮ್ಮ ನಾಟಿ ಚಪ್ಪರದವರೆ ದಿನ ಗಿಡ್ಡವಾದಾಗ ಮಾತ್ರ ಹೂಬಿಡುವ ಬೆಳೆಯಾದ್ದರಿಂದ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರ ಹಿತ್ತಿಲಿನಲ್ಲಿ ಅದು ಬೇಸಗೆಯಿಡೀ ಬಳ್ಳಿ ಹಬ್ಬಿಸಿ, ಹೂವಿನ ಹೊತ್ತಿಗೆ ಹಿಮಕ್ಕೆ ಸಿಕ್ಕಿಬೀಳುತ್ತದೆ.

ಮೊದಲ ಬಿತ್ತನೆ

ಸಾಮಾನು ಇಳಿಸಿದ ವಾರದಲ್ಲೇ, ಊರಿನ ಲೆಕ್ಕದ ಪ್ರಕಾರ ಹೊತ್ತು ಮೀರುತ್ತಿದೆಯೆಂದು ಅವರು ಹಿತ್ತಿಲನ್ನು ಅಗೆಸಿ, ಏರುಮಡಿ ಮಾಡಿಸಿ, ಬೆಂಡೆ, ಹೀರೆ, ಅಲಸಂಡೆ ಮತ್ತು ಹರಿವೆಯನ್ನು ಬಿತ್ತಿದರು. ಪಕ್ಕದ ಮನೆಯ ಹಿರಿಯ ಮಹಿಳೆ, ಈ ಕುಟುಂಬದ ಮಕ್ಕಳು ಆಯಿ ಎಂದು ಕರೆಯುವವರು, ಗೋಡೆಯ ಮೇಲಿನಿಂದ ನೋಡಿ, "ಬ್ಯಾಡ ತಂಗಿ, ಮಿರಗ ಕೂಡಲಿ, ನಾಕು ಮಳಿ ಬೀಳಲಿ. ಈಗ ಹಾಕಿದ ಬೀಜ ಹುರದಂಗ ಆಗ್ತದ" ಎಂದರು. ಮಿರಗ ಎಂದರೆ ಜೂನ್ 7-8ರ ಸುಮಾರಿಗೆ ಹುಟ್ಟುವ ಮೃಗಶಿರಾ ಮಳೆ. ಅವರ ಮಾತಿನ ಹಿಂದಿದ್ದ ಲೆಕ್ಕ ಸರಳ: ಮೇ ಕೊನೆಯಲ್ಲಿ ಬರಿಯ ಕರಿಮಣ್ಣಿನ ಮೇಲ್ಪದರ ಮಧ್ಯಾಹ್ನ ಗಾಳಿಯ ತಾಪಮಾನಕ್ಕಿಂತಲೂ ಬಹಳ ಹೆಚ್ಚು ಕಾದಿರುತ್ತದೆ, ಬೆಳಿಗ್ಗೆ ಸಂಜೆ ನೀರು ಹಾಕಿದರೂ ಅರ್ಧ ಅಂಗುಲ ಆಳದ ಸಣ್ಣ ಬೀಜ ನಡುಹಗಲಿನಲ್ಲಿ ಒಣಗುತ್ತದೆ.

ಹರಿವೆ ಹುಟ್ಟಲೇ ಇಲ್ಲ. ಬೆಂಡೆ ಮತ್ತು ಹೀರೆ ಹುಟ್ಟಿದವು, ಆದರೆ ಏರುಮಡಿಯ ಮೂರೂ ಬದಿಗಳಿಗೆ ಬಿಸಿಗಾಳಿ ತಾಗುತ್ತಿದ್ದುದರಿಂದ ಮಣ್ಣು ಬೇಗ ಒಣಗಿ ಬಿರಿಯಿತು, ಬಿರುಕಿನಲ್ಲಿ ಎಳೆಯ ಬೇರುಗಳು ಹರಿದವು. ಹಾಕಿದ ನೀರು ಬೇರಿಗೆ ಸೇರುವ ಬದಲು ಮಡಿಯ ಇಳಿಜಾರಿನಲ್ಲಿ ಜಾರಿ ಕಾಲುವೆಗೆ ಇಳಿಯುತ್ತಿತ್ತು. ಕರಾವಳಿಯಲ್ಲಿ ಗಿಡವನ್ನು ಉಳಿಸುತ್ತಿದ್ದ ಮಡಿಯ ಎತ್ತರ ಇಲ್ಲಿ ಅದನ್ನು ಒಣಗಿಸುವ ಸಾಧನವಾಯಿತು. ಬದುಕುಳಿದ ಬೆಂಡೆ ಗಿಡಗಳು ಜುಲೈ ವೇಳೆಗೆ ಎದ್ದು ನಿಂತರೂ ಅವುಗಳ ಎಲೆಯ ತಳಭಾಗದಲ್ಲಿ ಸಣ್ಣ ಕೆಂಪು ನುಸಿಗಳು ಬಲೆ ಕಟ್ಟಿದ್ದವು. ನುಸಿ ಒಣ ಬಿಸಿಯ ಪೀಡೆ. ಪುತ್ತೂರಿನ ಮಳೆಗಾಲದಲ್ಲಿ ಅದಕ್ಕೆ ನೆಲೆಯೇ ಇರುವುದಿಲ್ಲವಾದ್ದರಿಂದ ಅವರು ಅದನ್ನು ಗುರುತಿಸಲಿಲ್ಲ, ಬೂಷ್ಟು ರೋಗವೆಂದು ತಿಳಿದು ಎಲೆಗಳನ್ನು ಕಿತ್ತು ಗಾಳಿಯಾಡಿಸಿದರು. ನುಸಿಗೆ ಬೇಕಾಗಿದ್ದುದು ಅದರ ವಿರುದ್ಧದ ಉಪಚಾರ: ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಸಿಂಪಡಿಸಿ ತೇವ ಹೆಚ್ಚಿಸುವುದು, ಅದಕ್ಕೂ ಮೀರಿದರೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸುವುದು. ಹಗಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಇಲ್ಲಿನ ಬಿಸಿಲಿಗೆ ಎಲೆಯೇ ಸುಡುತ್ತದೆ.

ಬೂದಿ ಮತ್ತು ಸವಳು

ಪ್ರಕರಣದ ಅತ್ಯಂತ ಗಮನಾರ್ಹ ಭಾಗ ಇದು. ಆಗಸ್ಟ್‌ನಲ್ಲಿ ಅಲಸಂಡೆ ಮತ್ತು ಹೀರೆಯ ಹೊಸ ಎಲೆಗಳು ಹಳದಿಯಾಗತೊಡಗಿದವು. ಗೊಬ್ಬರ ಸಾಲದೆಂದು ತಿಳಿದು ಅವರು ಒಂದು ಹೋಟೆಲಿನ ಸೌದೆ ಒಲೆಯಿಂದ ಬೂದಿ ತರಿಸಿ ಬುಡಕ್ಕೆ ಹಾಕಿದರು. ಹಳದಿ ಇನ್ನೂ ಹೆಚ್ಚಿತು. ಫೋನಿನಲ್ಲಿ ಕೇಳಿದಾಗ ಊರಿನ ಅತ್ತೆಯವರು, "ಬೂದಿ ಹಾಕಿದ್ದಕ್ಕೆ ಗಿಡ ಹಾಳಾಗುವುದುಂಟಾ? ಇನ್ನೊಂದು ಬೊಗಸೆ ಹಾಕಿ ನೋಡು" ಎಂದರು. ಅವರು ಹೇಳಿದ್ದು ತಮ್ಮ ಮಣ್ಣಿಗೆ ಸಂಬಂಧಿಸಿದಂತೆ ಪೂರ್ತಿ ಸರಿಯಾಗಿತ್ತು. ಆಯಿಯವರ ಮಾತು ಬೇರೆ: "ಈ ನೀರಾಗ ಮೊದಲೇ ಸವಳ ಅದ, ಅದರ ಮ್ಯಾಲ ಬೂದಿ ಯಾಕ ಹಾಕ್ಲಿಕತ್ತಿ?" ಸವಳು ಎಂದರೆ ನೀರಿನಲ್ಲೂ ಮಣ್ಣಿನಲ್ಲೂ ಸೇರಿರುವ ಲವಣ.

ನಾನು ಆ ಹಿತ್ತಿಲನ್ನು ನೋಡಿದ್ದು ಈ ಹಂತದಲ್ಲಿ. ಹೀರೆಯ ತುದಿಯೆಲೆಯನ್ನು ಬೆಳಕಿಗೆ ಹಿಡಿದರೆ ನರಗಳು ಹಸಿರಾಗಿಯೇ ಇದ್ದು, ಅವುಗಳ ನಡುವಿನ ಭಾಗ ಮಾತ್ರ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಹಳೆಯ ಎಲೆಗಳು ಮಾತ್ರ ಕಡುಹಸಿರು. ಸಾರಜನಕದ ಕೊರತೆಯಾಗಿದ್ದರೆ ಮೊದಲು ಹಳೆಯ ಎಲೆಗಳು ಹಳದಿಯಾಗಬೇಕಿತ್ತು, ಏಕೆಂದರೆ ಗಿಡ ಅದನ್ನು ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಅದರ ಕೊರತೆ ತುದಿಯಲ್ಲೇ ಕಾಣಿಸಿಕೊಳ್ಳುತ್ತದೆ. ಕರಿಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇನೂ ಇಲ್ಲ, ಆದರೆ ರಸಸಾರ 8ನ್ನು ದಾಟಿ ಸುಣ್ಣದ ಅಂಶ ತುಂಬಿರುವ ಮಣ್ಣಿನಲ್ಲಿ ಅದು ಬೇರಿಗೆ ಎಟುಕದ ರೂಪದಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಸೌದೆಯ ಬೂದಿಯ ರಸಸಾರ 10ಕ್ಕೂ ಹೆಚ್ಚು. ಅಂದರೆ ಯಾವ ಕಾರಣಕ್ಕೆ ಪುತ್ತೂರಿನಲ್ಲಿ ಬೂದಿ ಮದ್ದಾಗಿತ್ತೋ ಅದೇ ಕಾರಣಕ್ಕೆ ಕಲಬುರಗಿಯಲ್ಲಿ ಅದು ಕಾಯಿಲೆಯನ್ನು ಬೆಳೆಸಿತು. ಬೂದಿಯನ್ನು ಸಂಪೂರ್ಣ ನಿಲ್ಲಿಸಿ, ಕಬ್ಬಿಣದ ಸಲ್ಫೇಟನ್ನು ಲೀಟರಿಗೆ 5 ಗ್ರಾಂನಂತೆ, ಒಂದು ಗ್ರಾಂ ಸಿಟ್ರಿಕ್ ಆಮ್ಲದ ಜೊತೆ ಕರಗಿಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಲು ತಿಳಿಸಲಾಯಿತು. ಇಂಥ ಮಣ್ಣಿಗೆ ಅದನ್ನು ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ವ್ಯರ್ಥವಾಗುತ್ತದೆ. ಹೊಸ ಎಲೆಗಳು ಹಸಿರಾಗಿ ಬಂದವು. ಆದರೆ ಸಿಂಪಡಣೆ ಆ ಬೆಳೆಗೆ ಮಾತ್ರ; ಮಣ್ಣು ದಾರಿಗೆ ಬರುವುದು ವರ್ಷವರ್ಷವೂ ಸೇರಿಸುವ ಹಟ್ಟಿಗೊಬ್ಬರ ಮತ್ತು ಕಾಂಪೋಸ್ಟಿನಿಂದ, ಅದೂ ನಿಧಾನವಾಗಿ.

ಆಯಿಯವರು ಹೇಳಿದ ಸವಳು ತಾರಸಿಯ ಮೇಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಮಣ್ಣಿನ ಕುಂಡಗಳ ಹೊರಮೈಯಲ್ಲಿ, ನೀರು ಜಿನುಗಿ ಆರುವ ಎತ್ತರದಲ್ಲಿ, ಒಂದು ಬಿಳಿಯ ಪಟ್ಟೆ ಮೂಡಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಒಂದು ಗ್ರಾಂನಷ್ಟಿದ್ದರೆ, ಅಂಥ ನೀರು ಈ ಭಾಗದಲ್ಲಿ ಅಪರೂಪವಲ್ಲ, ದಿನಕ್ಕೆ ಮೂರು ಲೀಟರ್ ಕುಡಿಯುವ, ಗಿಡ ಬೆಳೆಸಿದ ಒಂದು ಚೀಲ ಮೂರು ತಿಂಗಳಲ್ಲಿ 270 ಲೀಟರ್ ನೀರಿನ ಜೊತೆ ಕಾಲು ಕಿಲೋಗೂ ಹೆಚ್ಚು ಲವಣವನ್ನು ಪಡೆಯುತ್ತದೆ. ಅದರಲ್ಲಿ ಒಂದಿಷ್ಟನ್ನು ಗಿಡ ಬಳಸುತ್ತದೆ, ಒಂದಿಷ್ಟು ನಿರುಪದ್ರವಿ ಸುಣ್ಣವಾಗಿ ಗಟ್ಟಿಯಾಗುತ್ತದೆ, ಉಳಿದುದು ಬೇರಿನ ಬಳಿ ಶೇಖರವಾಗುತ್ತದೆ. ಕರಾವಳಿಯಲ್ಲಿ ಒಂದು ಮಳೆಗಾಲ ಇದನ್ನೆಲ್ಲ ತೊಳೆದುಹಾಕುತ್ತದೆ, ಹಾಗಾಗಿ ಅಲ್ಲಿ ಯಾರೂ ಇದರ ಬಗ್ಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ತೊಳೆಯುವ ಕೆಲಸವನ್ನು ಬೆಳೆಯುವವರೇ ಮಾಡಬೇಕು: ತಿಂಗಳಿಗೊಮ್ಮೆ ಚೀಲದ ಗಾತ್ರಕ್ಕಿಂತ ಹೆಚ್ಚು ನೀರನ್ನು ನಿಧಾನವಾಗಿ ಸುರಿದು ತಳದಿಂದ ಹರಿದುಹೋಗಲು ಬಿಡುವುದು, ಮತ್ತು ಸಾಧ್ಯವಾದಾಗ ಅದಕ್ಕೆ ಮಳೆನೀರನ್ನೇ ಬಳಸುವುದು.

ನೀರು ಉಳಿಸುವ ಸದುದ್ದೇಶದಿಂದ ಮನೆಯವರು ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರನ್ನೂ ಕೂಲರ್‌ನ ತಳದಲ್ಲಿ ಉಳಿದ ನೀರನ್ನೂ ಗಿಡಗಳಿಗೆ ಹಾಕುತ್ತಿದ್ದರು. ಇವೆರಡರಲ್ಲೂ ಲವಣ ಮೂಲ ನೀರಿಗಿಂತ ಸಾಂದ್ರವಾಗಿರುತ್ತದೆ. ಆರ್‌ಒ ಶುದ್ಧ ನೀರನ್ನು ತೆಗೆದುಕೊಂಡು ಲವಣವನ್ನು ಹೊರಗೆ ತಳ್ಳಿರುತ್ತದೆ, ಕೂಲರ್ ನೀರನ್ನು ಆವಿಮಾಡಿ ಲವಣವನ್ನು ತಳದಲ್ಲಿ ಉಳಿಸಿರುತ್ತದೆ. ನೆಲ ಒರೆಸಲು ಈ ನೀರು ಸಾಕು, ಬೀನ್ಸ್ ಗಿಡಕ್ಕೆ ಬೇಡ. ಬೀನ್ಸ್ ಸವಳಿಗೆ ಬಹಳ ಬೇಗ ಸೋಲುವ ಬೆಳೆ. ಟೊಮೆಟೊ ಅದಕ್ಕಿಂತ ಗಟ್ಟಿ, ಬೀಟ್‌ರೂಟ್ ಇನ್ನೂ ಗಟ್ಟಿ. ಆರ್‌ಒ, ಕೂಲರ್ ನೀರಿನ ಬದಲು ಅಕ್ಕಿ ಮತ್ತು ತರಕಾರಿ ತೊಳೆದ ನೀರನ್ನು ಬಸಳೆಯ ಬುಡಕ್ಕೆ ತಿರುಗಿಸಲಾಯಿತು. ಮಳೆನೀರಿನ ಲೆಕ್ಕವೂ ಉತ್ಸಾಹ ಕೊಡುವಂತಿತ್ತು: ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್ ನೀರು. ಸೆಪ್ಟೆಂಬರ್‌ನ ಒಂದೆರಡು ಒಳ್ಳೆಯ ಮಳೆಗೆ ಎರಡು ಪ್ಲಾಸ್ಟಿಕ್ ಟ್ಯಾಂಕುಗಳು ತುಂಬುತ್ತವೆ. ಮನೆ ಬಾಡಿಗೆಯದಾದ್ದರಿಂದ ಮಾಲೀಕರ ಒಪ್ಪಿಗೆ ಪಡೆದು ಒಂದನ್ನು ಮಾತ್ರ ಕೂರಿಸಲಾಯಿತು.

ತಗ್ಗುಮಡಿ, ಮಡಕೆ, ನೆರಳು

ಎರಡನೆಯ ಹಂಗಾಮಿಗೆ ಹಿತ್ತಿಲಿನ ನಕ್ಷೆಯನ್ನೇ ಬದಲಿಸಲಾಯಿತು. ಏರುಮಡಿಗಳನ್ನು ತೆಗೆದು ನೆಲಮಟ್ಟಕ್ಕಿಂತ ಒಂದು ಗೇಣು ಕೆಳಗೆ ತಗ್ಗುಮಡಿಗಳನ್ನು ಮಾಡಿ, ತೋಡಿದ ಮಣ್ಣಿನಿಂದಲೇ ಸುತ್ತ ಬದು ಕಟ್ಟಲಾಯಿತು. ಹೀಗೆ ಮಾಡಿದಾಗ ಹಾಕಿದ ನೀರಾಗಲಿ ಬಿದ್ದ ಮಳೆಯಾಗಲಿ ಒಳಗೇ ಇಂಗುತ್ತದೆ, ಬಿಸಿಗಾಳಿ ಮೇಲಿನಿಂದ ಹಾದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಒಮ್ಮೆಲೇ ಸುರಿದರೆ ನೀರು ನಿಲ್ಲುವ ಭಯ ಉಂಟು. ಅದಕ್ಕಾಗಿ ಬದುವಿನ ಒಂದು ಮೂಲೆಯಲ್ಲಿ ತೆರೆದು ಮುಚ್ಚಬಹುದಾದ ಸಣ್ಣ ಕಂಡಿ ಬಿಡಲಾಯಿತು. ಕರಿಮಣ್ಣನ್ನು ಹದ ನೋಡಿಯೇ ಮುಟ್ಟಬೇಕೆಂಬುದನ್ನೂ ಅವರು ಕಲಿಯಬೇಕಾಯಿತು: ಹೆಚ್ಚು ಒದ್ದೆಯಿದ್ದಾಗ ಅಗೆದರೆ ಹೆಂಟೆಗಳು ಒಣಗಿ ಇಟ್ಟಿಗೆಯಾಗುತ್ತವೆ, ಪೂರ್ತಿ ಒಣಗಿದಾಗ ಗುದ್ದಲಿ ಇಳಿಯುವುದೇ ಇಲ್ಲ. ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆ ನಿಂತ ಮರುದಿನವೇ ಕೆಲಸ ಮಾಡಬಹುದು. ಇಲ್ಲಿ ನಾಲ್ಕೈದು ದಿನ ಕಾಯಬೇಕು.

ಮಡಕೆ ನೀರಾವರಿ ಈ ಮನೆಯಲ್ಲಿ ಚೆನ್ನಾಗಿ ಫಲ ಕೊಟ್ಟಿತು. ಮೆರುಗು ಹಾಕದ, ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟು, ಸುತ್ತ ನಾಲ್ಕು ಗಿಡಗಳನ್ನು ನೆಡುವುದು ಇದರ ಕ್ರಮ. ಮಣ್ಣು ಒಣಗಿದಷ್ಟೇ ನೀರು ಮಡಕೆಯ ಗೋಡೆಯಿಂದ ಜಿನುಗುತ್ತದೆ, ಮೇಲ್ಮೈ ಒಣಗಿಯೇ ಇರುವುದರಿಂದ ಆವಿಯಾಗಿ ಹೋಗುವ ನೀರು ಕಡಿಮೆ. ಬಯಲುಸೀಮೆಯ ಮೇ ತಿಂಗಳಲ್ಲಿ ತೆರೆದ ಪಾತ್ರೆಯ ನೀರು ದಿನಕ್ಕೆ 10 ಮಿ.ಮೀ. ಆಸುಪಾಸು ಆವಿಯಾಗುತ್ತದೆ, ಒಂದು ಚದರ ಮೀಟರ್ ಒದ್ದೆ ನೆಲವನ್ನು ತೆರೆದಿಟ್ಟರೆ ಹತ್ತಿರಹತ್ತಿರ ಹತ್ತು ಲೀಟರ್ ನೀರು ಗಿಡಕ್ಕೆ ಸೇರುವ ಮುನ್ನವೇ ಹೋಯಿತೆಂದು ಲೆಕ್ಕ. ಹಂಗಾಮಿನ ಕೊನೆಗೆ ಒಂದು ಮಡಕೆಯನ್ನು ಎತ್ತಿ ನೋಡಿದಾಗ ಬದನೆಯ ಬಿಳಿಯ ಎಳೆಬೇರುಗಳು ಮಡಕೆಯ ಹೊಟ್ಟೆಗೆ ಜಾಲರಿಯಂತೆ ಅಂಟಿಕೊಂಡು, ಎಳೆದರೂ ಬಿಡದಷ್ಟು ಬಿಗಿಯಾಗಿದ್ದವು. ಒಂದೇ ತೊಡಕೆಂದರೆ ಗಡಸು ನೀರಿನ ಸುಣ್ಣ ಮಡಕೆಯ ರಂಧ್ರಗಳನ್ನು ಕ್ರಮೇಣ ಮುಚ್ಚಿ ಜಿನುಗುವುದು ನಿಲ್ಲುತ್ತದೆ. ಹಂಗಾಮಿಗೊಮ್ಮೆ ಮಡಕೆಯನ್ನು ತೆಗೆದು ಹುಣಸೆ ನೀರಿನಲ್ಲಿ ನೆನೆಹಾಕಿ ತಿಕ್ಕಿದರೆ ಮತ್ತೆ ಕೆಲಸ ಮಾಡುತ್ತದೆ.

ತಾರಸಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯವಿತ್ತು. ಅಲ್ಲಿ ಇಟ್ಟಿಗೆ ಕಟ್ಟಿ ಒಂದು ಅಡಿ ಮಣ್ಣು ತುಂಬುವ ಯೋಚನೆ ಮನೆಯವರಿಗಿತ್ತು. ಒದ್ದೆ ಮಣ್ಣು ಘನ ಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆ. ಒಂದು ಅಡಿ ದಪ್ಪದ ಮಣ್ಣೆಂದರೆ ಚದರ ಮೀಟರಿಗೆ 500 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಗೊತ್ತುಪಡಿಸಿರುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಆ ಯೋಚನೆಯನ್ನು ಕೈಬಿಟ್ಟು, ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಹೆಚ್ಚಾಗಿರುವ ಹಗುರ ಮಿಶ್ರಣದ ಚೀಲಗಳನ್ನು ಗೋಡೆಯ ನೇರಕ್ಕೆ ಮಾತ್ರ, ಸ್ಟ್ಯಾಂಡಿನ ಮೇಲೆ ಇಡಲಾಯಿತು. ಕಪ್ಪು ಚೀಲಗಳ ಪಶ್ಚಿಮದ ಮೈ ಸಂಜೆಯ ಬಿಸಿಲಿಗೆ ಕೈಯಿಡಲಾಗದಷ್ಟು ಕಾಯುತ್ತಿತ್ತು, ಆ ಬದಿಯ ಬೇರುಗಳು ಬೆಂದು ಕಂದಾಗಿದ್ದವು. ಚೀಲಗಳಿಗೆ ಗೋಣಿತಟ್ಟು ಸುತ್ತಿ, ಬಿಳಿ ಸುಣ್ಣ ಬಳಿಯಲಾಯಿತು. ಸುಣ್ಣ ಹೊರಗಿನಿಂದ ಬಳಿಯುವುದಕ್ಕೇ ಹೊರತು ಒಳಗಿನ ಮಣ್ಣಿಗಲ್ಲ ಎಂದು ಈ ಮನೆಯಲ್ಲಿ ಬಿಡಿಸಿ ಹೇಳಬೇಕಾಯಿತು.

ಶೇ. 50ರ ಹಸಿರು ನೆರಳುಪರದೆಯನ್ನು ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ಕಟ್ಟಿ, ಅಕ್ಟೋಬರ್ ಹೊತ್ತಿಗೆ ಸಂಪೂರ್ಣ ಬಿಚ್ಚಲು ನಿರ್ಧರಿಸಲಾಯಿತು. ಕೈತೋಟದ ಬಗ್ಗೆ ಎಲ್ಲೆಡೆ ಸಿಗುವ ಸಲಹೆ, ತರಕಾರಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು ಎಂಬುದು, ತಂಪು ದೇಶಗಳ ಬೇಸಗೆಯನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಕಲಬುರಗಿಯ ಏಪ್ರಿಲ್‌ನಲ್ಲಿ ಬೆಳಗಿನ ನಾಲ್ಕು ಗಂಟೆಗಳ ಬಿಸಿಲು ಧಾರಾಳವಾಯಿತು. ಉಳಿದುದರಿಂದ ಗಿಡವನ್ನು ಕಾಪಾಡುವುದೇ ಕೆಲಸ. ಪಶ್ಚಿಮದ ಬದುವಿನ ಮೇಲೆ ಮಿರಗದಲ್ಲಿ ಒಂದು ಸಾಲು ತೊಗರಿ ಹಾಕಿದ್ದು ಗಾಳಿಗೆ ತಡೆಯೂ ಆಯಿತು, ಸಂಕ್ರಾಂತಿಯ ಹೊತ್ತಿಗೆ ಸೊಲಗೆ ಬೇಳೆಯೂ ಆಯಿತು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿಯ ನಾಡಿನಲ್ಲಿ ಬೇಲಿಗೆ ಬೇರೆ ಗಿಡ ಹುಡುಕುವ ಅಗತ್ಯವಿಲ್ಲ.

ಚಳಿಗಾಲದ ಲಾಭ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಈ ಮನೆಯವರಿಗೆ ಅನಿರೀಕ್ಷಿತ ಕೊಡುಗೆಯಾಯಿತು. ಕರಾವಳಿಯಲ್ಲಿ ಅವರು ಎಂದೂ ಬೆಳೆಯಲಾಗದಿದ್ದ ಮೆಂತ್ಯೆ, ಸಬ್ಬಸಿಗೆ, ಪಾಲಕ್, ಗಜ್ಜರಿ, ಮೂಲಂಗಿ, ಹೂಕೋಸುಗಳು ಹೆಚ್ಚಿನ ಆರೈಕೆಯಿಲ್ಲದೆ ಬಂದವು. ಮೆಂತ್ಯೆಯನ್ನು ಬಿತ್ತಿದ 25-30 ದಿನಗಳಲ್ಲಿ ಕೊಯ್ದು, ಅದೇ ಮಡಿಯಲ್ಲಿ ಮತ್ತೆ ಬಿತ್ತಿದರು.

ಟೊಮೆಟೊ ವಿಶೇಷವಾಗಿ ಗಮನಿಸಬೇಕಾದ ಬೆಳೆ. ರಾತ್ರಿಯ ತಾಪಮಾನ 15ರಿಂದ 20 ಡಿಗ್ರಿ ಇದ್ದಾಗ ಅದು ಚೆನ್ನಾಗಿ ಕಾಯಿ ಕಟ್ಟುತ್ತದೆ. ಹಗಲು 35 ದಾಟಿ ರಾತ್ರಿಯೂ ಬಿಸಿಯಾಗಿಯೇ ಉಳಿದರೆ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಎಷ್ಟು ಗೊಬ್ಬರ, ನೀರು ಕೊಟ್ಟರೂ ಪ್ರಯೋಜನವಿಲ್ಲ. ಕರಾವಳಿಯ ಬೇಸಗೆಯ ರಾತ್ರಿಗಳು 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತವೆ, ಸಾಲದೆಂಬಂತೆ ಆ ಹುಳಿಮಣ್ಣಿನಲ್ಲಿ ದುಂಡಾಣು ಸೊರಗು ರೋಗ ನೆಲೆಸಿರುತ್ತದೆ. ಹೀಗಾಗಿ ಪುತ್ತೂರಿನ ಮನೆಯಲ್ಲಿ ಟೊಮೆಟೊ ಯಾವತ್ತೂ ಅಂಗಡಿಯಿಂದ ಬರುವ ವಸ್ತುವಾಗಿತ್ತು. ಇಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಂಕರಣ ತಳಿ ಅರ್ಕಾ ರಕ್ಷಕ್ ಅನ್ನು ಆಗಸ್ಟ್ ಕೊನೆಯಲ್ಲಿ ಸೊಳ್ಳೆಪರದೆಯೊಳಗೆ ಸಸಿ ಮಾಡಿ, ಸೆಪ್ಟೆಂಬರ್ ಕೊನೆಗೆ ನಾಟಿ ಮಾಡಲಾಯಿತು. ಎಲೆಮುಟುರು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿ ಈ ಮೂರಕ್ಕೂ ನಿರೋಧವಿರುವ ತಳಿ ಅದು. ಬಯಲುಸೀಮೆಯಲ್ಲಿ ಮುಖ್ಯ ಶತ್ರು ಬಿಳಿನೊಣ ಹರಡುವ ಎಲೆಮುಟುರು. ಸಸಿ ಹಂತದಲ್ಲಿ ನೊಣವನ್ನು ಪರದೆಯಿಂದ ತಡೆದರೆ ಅರ್ಧ ಗೆದ್ದಂತೆ. ಸಂಕರಣ ತಳಿಯಾದ್ದರಿಂದ ಅದರ ಬೀಜವನ್ನು ಇಟ್ಟುಕೊಂಡು ಮುಂದಿನ ವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲವೆಂಬುದು, ಬೀಜ ಕೊಳ್ಳುವ ಅಭ್ಯಾಸವೇ ಇಲ್ಲದ ಆ ಮನೆಯಾಕೆಗೆ ಅಷ್ಟೇನೂ ಹಿಡಿಸಲಿಲ್ಲ.

ಬೀಜ ಇಡುವುದರಲ್ಲಿ ಮಾತ್ರ ಕಲಬುರಗಿಗೆ ಸಾಟಿಯಿಲ್ಲ. ಊರಿನಲ್ಲಿ ಸೌತೆ ಬೀಜವನ್ನು ಸೆಗಣಿಯಲ್ಲಿ ಗೋಡೆಗೆ ಅಂಟಿಸಿ, ಬೆಂಡೆಯ ಕಾಯಿಯನ್ನು ಅಟ್ಟದ ಹೊಗೆಗೆ ಕಟ್ಟಿ ಕಾಪಾಡಿದರೂ ಮಳೆಗಾಲ ದಾಟುವಷ್ಟರಲ್ಲಿ ಒಂದು ಪಾಲು ಸಾಯುತ್ತಿತ್ತು. ಬೀಜದೊಳಗಿನ ತೇವಾಂಶ ಶೇ. 1ರಷ್ಟು ಇಳಿದರೆ ಅದರ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜವಿಜ್ಞಾನದ ಹಳೆಯ ಸೂತ್ರ. ಇಲ್ಲಿನ ಒಣಹವೆಯಲ್ಲಿ ಗಾಜಿನ ಡಬ್ಬಿಯೊಂದೇ ಸಾಕಾಯಿತು. ಈಗ ಊರಿನ ಹೀರೆ ಮತ್ತು ಅಲಸಂಡೆಯ ಬೀಜಗಳ ಒಂದು ಪಾಲು ಕಲಬುರಗಿಯಲ್ಲೇ ಉಳಿಯುತ್ತದೆ.

ಎರಡನೆಯ ಬೇಸಗೆ

ಮಾರ್ಚ್‌ನಿಂದ ಮೇ ತನಕದ ಬೆಳೆಗಳನ್ನು ಆರಿಸುವಾಗ ಆಯಿಯವರ ಹಿತ್ತಿಲನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಯಿತು. ಪುಂಡಿಪಲ್ಯ, ಚವಳಿಕಾಯಿ, ರಾಜಗಿರಿ: ಇವು ಬಿಸಿಲಿಗೆ ಹೆದರುವ ಬೆಳೆಗಳಲ್ಲ. ಚವಳಿ ಆಳಕ್ಕೆ ಬೇರಿಳಿಸುತ್ತದೆ, ಸವಳನ್ನೂ ಒಂದು ಮಟ್ಟಿಗೆ ಸಹಿಸುತ್ತದೆ. ಬೆಂಡೆಯನ್ನು ಏರುಬಿಸಿಲಿಗೆ ಮುಂಚೆ ಫೆಬ್ರವರಿಯಲ್ಲೇ ಬಿತ್ತಿ, ನೆರಳುಪರದೆಯ ಅಂಚಿನಲ್ಲಿ ಬೆಳೆಸಲಾಯಿತು. ಬಸಳೆಯ ಬಗ್ಗೆ ಮಾತ್ರ ಮನೆಯವರು ರಾಜಿಗೆ ಸಿದ್ಧರಿರಲಿಲ್ಲ. ತೆರೆದ ಬಿಸಿಲಿನಲ್ಲಿ ಅದು ಸಾಯಲಿಲ್ಲವಾದರೂ ಎಲೆಗಳು ಕಿರಿದಾಗಿ, ದಪ್ಪಗೆ, ನಾರುನಾರಾಗಿ ಬಂದು, ಕಾಂಡ ಗಟ್ಟಿಯಾಯಿತು. ಹಲಸಿನ ಬೀಜದ ಜೊತೆ ಬೇಯಿಸಿದರೂ ಊರಿನ ರುಚಿ ಬರಲಿಲ್ಲವೆಂದು ಎಲ್ಲರ ದೂರು. ಅಡುಗೆಮನೆಯ ನೀರು ಬೀಳುವ ಪೂರ್ವದ ಗೋಡೆಯ ಬುಡಕ್ಕೆ, ಎರಡು ಮಡಕೆಗಳ ನಡುವೆ, ಪರದೆಯ ಅಡಿಯಲ್ಲಿ ನೆಟ್ಟ ಮೇಲೆ ಅಂಗೈಯಗಲದ ಎಲೆ ಬಂತು. ಊರಿನಲ್ಲಿ ಬಚ್ಚಲಿನ ಹಿಂದೆ ಬಸಳೆ ಚಪ್ಪರ ಹಾಕುವುದೂ ಇದೇ ತೇವ, ಇದೇ ಅರೆನೆರಳಿಗಾಗಿ. ಹಾಗಾಗಿ ಇದು ಹವೆಯನ್ನು ಮಣಿಸಿದ್ದಲ್ಲ, ಹಿತ್ತಿಲಿನ ಒಂದು ಮೂಲೆಯಲ್ಲಿ ಬೇರೊಂದು ಹವೆಯನ್ನು ಕಟ್ಟಿಕೊಂಡದ್ದು. ಅಷ್ಟು ನೀರು, ನೆರಳನ್ನು ಒಂದು ಬಳ್ಳಿಗೆ ಕೊಡಬಹುದು, ಇಡೀ ಹಿತ್ತಿಲಿಗೆ ಕೊಡಲಾಗದು.

ಬೀಜ ಹಿಂದಿರುಗಿದಾಗ

ಪ್ರಕರಣದ ಪರೀಕ್ಷೆ ತಾನಾಗಿಯೇ ಎದುರು ದಿಕ್ಕಿನಲ್ಲೂ ನಡೆಯಿತು. ಆಯಿಯವರು ಕೊಟ್ಟ ಮೆಂತ್ಯೆ, ಪುಂಡಿ ಮತ್ತು ಮುಳ್ಳುಗಾಯಿ ಬದನೆಯ ಬೀಜಗಳನ್ನು ಸೊಸೆ ರಜೆಯಲ್ಲಿ ಊರಿಗೆ ಒಯ್ದರು, ಅತ್ತೆಯವರು ಅವನ್ನು ಜೂನ್‌ನಲ್ಲಿ ಬಿತ್ತಿದರು. ಮೆಂತ್ಯೆ ಒಂದೇ ವಾರದ ಜಡಿಮಳೆಗೆ ಬುಡ ಕೊಳೆತು ನೆಲಕ್ಕೆ ಮಲಗಿತು. ಪುಂಡಿ ಆಳೆತ್ತರ ಬೆಳೆದರೂ ಎಲೆಗೆ ಹುಳಿ ಸಾಲದೆಂದು ಮನೆಯವರ ತೀರ್ಪು. ಬದನೆ ಚೆನ್ನಾಗಿ ಬೆಳೆದು, ಹೂ ಬಿಟ್ಟು, ಒಂದು ಬೆಳಿಗ್ಗೆ ಹಸಿರೆಲೆ ಹಾಗೆಯೇ ಇದ್ದು ಬಾಡಿ ನಿಂತಿತು. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದಾಗ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಗಳು ಇಳಿದುಬಂದವು. ದುಂಡಾಣು ಸೊರಗಿನ ಗುರುತು ಅದು. ಕಲಬುರಗಿಯ ಒಣ ಸುಣ್ಣದ ಮಣ್ಣಿನಲ್ಲಿ ತಲೆತಲಾಂತರದಿಂದ ಆರಿಸಿಕೊಂಡು ಬಂದ ತಳಿಗೆ ಈ ರೋಗದ ಪರಿಚಯವೇ ಇರಲಿಕ್ಕಿಲ್ಲ. ಉಡುಪಿಯ ಮಟ್ಟುಗುಳ್ಳದಂಥ ಕರಾವಳಿಯ ಬದನೆಯನ್ನೂ ಮಳೆ ಕಳೆದು ಭತ್ತ ಕೊಯ್ದ ಮೇಲೆಯೇ ಗದ್ದೆಗೆ ಇಳಿಸುವುದರ ಹಿಂದೆ ಇಂಥ ಎಷ್ಟೋ ತಲೆಮಾರುಗಳ ಲೆಕ್ಕ ಇದೆ.

ಅತ್ತೆಯವರು ಸುಮ್ಮನಿರಲಿಲ್ಲ. ತೋಟದ ಬದಿಯಲ್ಲಿ ತಾನಾಗಿ ಬೆಳೆಯುವ ಕುದನೆಯ (ಸುಂಡೆ ಗಿಡದ) ಬೇರಿಗೆ ಸೊರಗು ತಾಗುವುದಿಲ್ಲವೆಂದು ತಿಳಿದು, ಅದರ ಸಸಿಗಳ ಮೇಲೆ ಮುಳ್ಳುಗಾಯಿಯ ಕುಡಿಗಳನ್ನು ಕಸಿ ಕಟ್ಟಿಸಿದ್ದಾರೆ. ಸಸಿಯ ಕಾಂಡ ಪೆನ್ಸಿಲ್ ದಪ್ಪಕ್ಕಿಂತ ತೆಳುವಿರುವಾಗಲೇ ಅಡ್ಡ ಕತ್ತರಿಸಿ, ಸೀಳಿ, ಬೆಣೆಯಂತೆ ಕೆತ್ತಿದ ಬದನೆಯ ಕುಡಿಯನ್ನು ಕೂರಿಸಿ, ಕ್ಲಿಪ್ ಹಾಕಿ, ಒಂದು ವಾರ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಡುತ್ತಾರೆ. ಹೊದಿಕೆಯೊಳಗೆ ಬೇಕಾದ ತೇವವನ್ನು ಊರಿನ ಮಳೆಗಾಲ ಖರ್ಚಿಲ್ಲದೆ ಒದಗಿಸುತ್ತದೆ. ಕಸಿಗಿಡಗಳನ್ನು ನವೆಂಬರ್‌ನಲ್ಲಿ ನೆಲಕ್ಕೆ ಇಳಿಸುವ ಯೋಜನೆ ಅವರದು, ಬುಡಕ್ಕೆ ಎಂದಿನಂತೆ ಸುಡುಮಣ್ಣು ಮತ್ತು ಬೂದಿ. ಕಲಬುರಗಿಯ ಹಿತ್ತಿಲಿನಲ್ಲಿ ಅದೇ ಮುಳ್ಳುಗಾಯಿ ಕಸಿಯಿಲ್ಲದೆ, ಬೂದಿಯಿಲ್ಲದೆ, ಮಡಕೆಯ ಪಕ್ಕದಲ್ಲಿ ಬೆಳೆಯುತ್ತಿದೆ. ಏಪ್ರಿಲ್-ಮೇ ತಿಂಗಳ ಟೊಮೆಟೊವನ್ನು ಮಾತ್ರ ಎರಡೂ ಮನೆಗಳು ಪೇಟೆಯಿಂದಲೇ ತರುತ್ತವೆ, ಮತ್ತು ಅದನ್ನು ಬೆಳೆಯಲು ಹೆಣಗಬಾರದೆಂದೇ ನಾನೂ ಸಲಹೆ ಕೊಟ್ಟಿದ್ದೇನೆ.